ಗೋಡೆಯಿಂದ ಒಂದು ಗೇಣು

ಬೆರಳಿನ ಗೆಣ್ಣಿನಿಂದ ಸ್ಪೀಕರಿನ ಪಕ್ಕೆಗೆ ತಟ್ಟಿ, ಕಿವಿಯನ್ನು ಅದರ ನೆತ್ತಿಗೆ ಒತ್ತಿ, ಅವನು ಕಣ್ಣು ಮುಚ್ಚಿಕೊಂಡ. ಒಳಗಿನಿಂದ ಬಂದ ಸದ್ದು ಚಿಕ್ಕದು, ಒಣಕಲು. ಮರವಲ್ಲ, ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಮೇಲೆ ಮರದ ಎಳೆಗಳನ್ನು ಅಚ್ಚು ಹಾಕಿದ ಕಾಗದ. ಆದರೂ ಮೂಲೆಗಳು ಬಿಗಿಯಾಗಿದ್ದವು, ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಪಕ್ಕದ ಜೋಡಿಯ ಕಡೆ ಸರಿದು ಅದಕ್ಕೂ ತಟ್ಟಿದ.

"ಸರ್, ಅದು ಕಲ್ಲಂಗಡಿ ಹಣ್ಣಲ್ಲ," ಎಂದ ಅಂಗಡಿಯವ. "ಸ್ವಿಚ್ ಹಾಕಿದ್ರೆ ತಾನಾಗೇ ಹಾಡುತ್ತೆ."

ಹೆಂಡತಿ ನಕ್ಕಳು. "ಅವರ ಕೆಲಸಾನೇ ಅದು ಕಣ್ರೀ. ಫ್ಯಾಕ್ಟರೀಲಿ ದಿನವಿಡೀ ವಾಶ್‌ಬೇಸಿನ್ ತಟ್ಟೋದು, ಕಮೋಡ್ ತಟ್ಟೋದು. ಮನೇಲಿ ನನ್ನ ತಲೆ ಒಂದು ಬಿಟ್ಟು ಎಲ್ಲಾ ತಟ್ಟಿ ನೋಡಿದಾರೆ."

"ತಟ್ಟಿದ್ರೆ ಏನು ಗೊತ್ತಾಗುತ್ತೆ?"

"ಬಿರುಕಿದ್ರೆ ಗೊತ್ತಾಗುತ್ತೆ," ಎಂದ ಅವನು, ತಲೆ ಎತ್ತದೆ.

ಅಂಗಡಿಯವನ ಮೂಗು ಕೆಂಪಾಗಿತ್ತು. ಶೀತಕ್ಕೆ ಬಲಗಿವಿ ಕಟ್ಟಿಕೊಂಡಿದೆ, ಮಾತಾಡೋದಿದ್ದರೆ ಎಡಗಡೆ ಬನ್ನಿ ಎಂದು ಬಾಗಿಲಲ್ಲೇ ಹೇಳಿದ್ದ. ಗೋಡೆಯುದ್ದಕ್ಕೂ ಡಬ್ಬಗಳು, ಒಂದರ ಮೇಲೊಂದು, ಪ್ರತಿಯೊಂದಕ್ಕೂ ದೊಡ್ಡ ಕಣ್ಣೊಂದು ಚಿಕ್ಕ ಕಣ್ಣೊಂದು. ಯಾವುದೋ ಸಭೆ ತನ್ನನ್ನೇ ನೋಡುತ್ತ ಕೂತಿದೆ, ಇನ್ನೇನು ಯಾರಾದರೊಬ್ಬರು ಎದ್ದು ಪ್ರಶ್ನೆ ಕೇಳುತ್ತಾರೆ ಅನ್ನಿಸಿತು ಅವನಿಗೆ. ತಮ್ಮ ಜೇಬಿಗೆ ಎಟಕುವಂಥವು ತೀರಾ ಕೆಳಗಿನ ಸಾಲಿನಲ್ಲಿದ್ದವು. ಅವುಗಳನ್ನು ನೋಡಲು ಮಂಡಿಯೂರಬೇಕಾಗಿತ್ತು. ಮಂಡಿಯೂರಿದಾಗ ಪ್ಯಾಂಟಿನ ಹಿಂಬದಿ ಕೆಳಗಿಳಿಯುತ್ತದೆಂದು ನೆನಪಾಗಿ ಒಂದು ಕೈಯಲ್ಲಿ ಬೆಲ್ಟು ಹಿಡಿದುಕೊಂಡೇ ಆಲಿಸಿದ. ಅಂಗಡಿಯವ ಒಂದೇ ಹಾಡನ್ನು ಒಂದೊಂದು ಜೋಡಿಯಲ್ಲೂ ಹಾಕಿದ. ಮೊದಲನೆಯದರಲ್ಲಿ ಹಾಡುವವಳಿಗೂ ಶೀತವಾಗಿತ್ತು. ಎರಡನೆಯದರಲ್ಲಿ ಪ್ರತಿಯೊಂದು ಅಕ್ಷರವೂ ಗಾಜಿನ ಚೂರಿನಂತೆ ಕಿವಿಗೆ ಬಂದು ಬಿತ್ತು. ಕೊನೆಯ ಜೋಡಿ ಎಲ್ಲಕ್ಕಿಂತ ಪುಟ್ಟದು, ಎರಡು ಅಂಗೈ ಸೇರಿಸಿದರೆ ಮುಚ್ಚುವಷ್ಟು. ಆದರೆ ಅದರೊಳಗಿಂದ ತಮಟೆಯ ಸದ್ದು ಹೊರಟಾಗ ನೆಲದ ಮೇಲೆ ಊರಿದ ಅವನ ಮಂಡಿಗೆ ಅದು ತಾಗಿತು.

"ಇದು ಎಷ್ಟು ಜೋರು ಬರುತ್ತೆ?" ಎಂದು ಕೇಳಿದಳು ಹೆಂಡತಿ.

"ಮೇಡಂ, ಎಲ್ಲರೂ ಇಂಪು ಎಷ್ಟು ಅಂತ ಕೇಳ್ತಾರೆ, ನೀವು ಜೋರು ಎಷ್ಟು ಅಂತೀರಿ. ಎಲ್ಲಿ ಇಡ್ತೀರ?"

"ಮೇಜಿನ ಮೇಲೆ," ಎಂದ ಅವನು. ಅದೇ ಹೊತ್ತಿಗೆ ಅವಳು, "ಗೋಡೆಗೆ," ಎಂದಳು.

ಅಂಗಡಿಯವ ಇಬ್ಬರನ್ನೂ ನೋಡಿ, ಸ್ಪೀಕರನ್ನು ಹಿಂದುಮುಂದಾಗಿ ತಿರುಗಿಸಿ ಬೆನ್ನಿನಲ್ಲಿದ್ದ ತೂತು ತೋರಿಸಿದ. "ಇದು ಚಿಕ್ಕದಲ್ವಾ, ದಪ್ಪ ಸದ್ದಿಗೆ ಒಳಗೆ ಜಾಗ ಸಾಲಲ್ಲ. ಅದಕ್ಕೆ ಹಿಂದೆ ಬಾಗಿಲು ಬಿಟ್ಟಿದಾರೆ. ಗೋಡೆಗೆ ಅಂಟಿಸಿ ಇಟ್ರೋ, ಗುದ್ದೆಲ್ಲ ಗೋಡೆ ಒಳಗೇ ಹೋಗುತ್ತೆ. ಒಂದು ಗೇಣು ಬಿಡಿ. ಆ ಕಡೆ ಯಾರಾದರೂ ಇದಾರಾ?"

ಅವನು ತೂತಿನೊಳಗೆ ಬೆರಳು ಹಾಕಿ ನೋಡುತ್ತಿದ್ದ. ಹೆಂಡತಿ, "ಅವರೇನೂ ತಕರಾರು ಮಾಡಲ್ಲ," ಎಂದಳು.

"ಪುಣ್ಯವಂತರು. ನಮ್ಮ ಪಕ್ಕದ ಮನೆಯವರು ನಾನು ಕೆಮ್ಮಿದ್ರೂ ಗೋಡೆ ಬಡೀತಾರೆ."

ಗೋಡೆ ಬಡೀತಾರೆ ಎಂಬ ಮಾತಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡದೆ ಇರುವುದು ಈಗ ಅವರಿಗೆ ಚೆನ್ನಾಗಿ ರೂಢಿಯಾಗಿತ್ತು. ಊಟಕ್ಕೆ ಕೂತಾಗ ಗೋಡೆಯ ಆಚೆ ಆ ಸದ್ದು ಶುರುವಾದರೆ ಅವಳು ಎದ್ದು ನಲ್ಲಿ ತಿರುಗಿಸುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವನು ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದ. ಫ್ಯಾಕ್ಟರಿಯವರೇ ಕಟ್ಟಿಸಿಕೊಟ್ಟ ಮನೆಗಳು, ಪಕ್ಕೆಗೆ ಪಕ್ಕೆ ಹಚ್ಚಿ ನಿಂತವು. ಮಧ್ಯದ ಗೋಡೆಯನ್ನು ಅವನು ಬಂದ ದಿನವೇ ತಟ್ಟಿ ನೋಡಿದ್ದ: ಒಂದೇ ಇಟ್ಟಿಗೆಯ ದಪ್ಪ, ಅದೂ ಟೊಳ್ಳು ಇಟ್ಟಿಗೆ. ಆ ಕಡೆ ಪಿಂಗಾಣಿ ಸುಡುವ ಭಟ್ಟಿಯ ಸೂಪರ್‌ವೈಸರ್ ಮತ್ತು ಸೂಪರ್‌ವೈಸರನ ಅಪ್ಪ. ಸೂಪರ್‌ವೈಸರನ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಅಪ್ಪನನ್ನು ಫ್ಯಾಕ್ಟರಿಯಲ್ಲಿ ಎಲ್ಲರೂ ದೊಡ್ಡಯ್ಯ ಅನ್ನುತ್ತಿದ್ದರು. ಭಟ್ಟಿಯಿಂದ ಇಳಿದ ಪ್ರತಿಯೊಂದು ಪೀಸೂ ಆ ಮುದುಕನ ಮರದ ಸುತ್ತಿಗೆಯ ಮುಂದೆ ಹಾದೇ ಹೊರಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. ಇವನಿಗೆ ತಟ್ಟುವುದನ್ನು ಕಲಿಸಿದವನೂ ಅವನೇ. ಕಣ್ಣು ಮುಚ್ಚೋ, ಕಣ್ಣಿಗೆ ಎಲ್ಲವೂ ಬೆಳ್ಳಗೇ ಕಾಣುತ್ತೆ, ಅನ್ನುತ್ತಿದ್ದ. ಚೆನ್ನಾಗಿ ಬೆಂದ ಪೀಸು ಗಂಟೆಯ ಹಾಗೆ ಉತ್ತರ ಕೊಡುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದಪ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಒಬ್ಬನ ಕಿವಿಯನ್ನು ಆ ವಿಭಾಗದಲ್ಲಿ ಯಾರೂ ನಂಬುವುದಿಲ್ಲ. ಸಾಲಿನ ಈ ಕಡೆ ಒಬ್ಬ, ಆ ಕಡೆ ಒಬ್ಬ. ಈ ಕಡೆಯವನು ಎರಡು ತಟ್ಟಬೇಕು. ಆ ಕಡೆಯವನಿಗೂ ಸರಿ ಅನ್ನಿಸಿದರೆ ಅವನೂ ತಿರುಗಿ ಎರಡು ತಟ್ಟಬೇಕು. ಅದಕ್ಕೆ ಮರುತಟ್ಟು ಎಂದು ಹೆಸರು. ಮರುತಟ್ಟು ಬಾರದ ಪೀಸನ್ನು ಪಕ್ಕಕ್ಕಿಟ್ಟು, ಅದು ಬರುವ ತನಕ ಈ ಕಡೆಯವನು ತಟ್ಟುತ್ತಲೇ ಇರಬೇಕು. ದೊಡ್ಡಯ್ಯ ಈ ಕಡೆ, ಇವನು ಆ ಕಡೆ, ಮಧ್ಯೆ ಬೆಳ್ಳಗಿನ ಬೇಸಿನ್ನುಗಳ ಸಾಲು, ಮುಖ ಕಾಣದೆ ವರ್ಷಗಟ್ಟಲೆ ಬರೀ ಟಕ್ ಟಕ್, ಟಕ್ ಟಕ್ ಎಂದು ಮಾತಾಡಿಕೊಂಡಿದ್ದರು. "ನಾವು ತಟ್ಟಿದ ಮೇಲೇ ಜನ ನೆಮ್ಮದಿಯಾಗಿ ಕೂರೋದು ಕಣೋ," ಎಂದು ದೊಡ್ಡಯ್ಯ ಕಮೋಡುಗಳ ಸಾಲಿನ ಆಚೆಯಿಂದ ಕೂಗಿ ಹೇಳಿ ತಾನೇ ನಗುತ್ತಿದ್ದ.

"ಏನ್ರೀ, ಇದೇ ಇರಲಾ?" ಎಂದಳು ಹೆಂಡತಿ. ಅವಳ ಕೈ ಆಗಲೇ ಆ ಪುಟ್ಟ ಜೋಡಿಯ ಮೇಲಿತ್ತು. ನಾವು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿಯಾಗುತ್ತೆ ಎಂದು ಅವನು ಹೇಳಬೇಕಾಗಿತ್ತು, ಹೇಳಲಿಲ್ಲ. ಮನೆಯಲ್ಲಿ ಒಂದು ಹಾಡು ಅಂತ ಇಲ್ಲ, ಹಾಳು ಬಿದ್ದ ಹಾಗಿರುತ್ತೆ, ಎಂದು ಈ ಮಾತು ಎತ್ತಿದವಳು ಅವಳು. ಹೌದು, ಹಾಡು ಬೇಕು, ಎಂದವನು ಅವನು. ಯಾವ ಹಾಡು ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವ ಅವಳಿಗೆ ತನಗಿಂತ ಹೆಚ್ಚು ಕೇಳಿಸಿರಬೇಕು. ಅವಳು ಒಮ್ಮೆಯೂ ಏನೂ ಹೇಳಿರಲಿಲ್ಲ. ಈಚೆಗೆ ಹರಿದಿರದ ಬಟ್ಟೆಗಳನ್ನೂ ಯಂತ್ರಕ್ಕೆ ಕೊಡುತ್ತಾಳೆಂದು ಮಾತ್ರ ಅವನು ಗಮನಿಸಿದ್ದ.

ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಬೀಗ ಹಾಕಿದ ಮನೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಹೆಂಡತಿ ಬೇಗ ಬೇಗ ಮುಂದೆ ಹೋದಳು.

ಅವನು ಮೇಜನ್ನು ಗೋಡೆಯ ಹತ್ತಿರ ಎಳೆದು ಸ್ಪೀಕರುಗಳನ್ನಿಟ್ಟ. ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ಅಳೆದ. ಅಂಗಡಿಯವ ಹೇಳಿದಷ್ಟೇ ಜಾಗ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆಮೇಲೆ ಮುಂದೆ ಬಂದು, ಯಾರೋ ಮಗುವಿನ ತಲೆಯನ್ನು ನೀರಿಗೆ ಅದ್ದುವಂತೆ ಮೆಲ್ಲಗೆ, ಎರಡನ್ನೂ ಗೋಡೆಗೆ ತಾಗುವ ತನಕ ದೂಡಿದ. ಹೆಂಡತಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. "ಆ ಗೇಣು?" ಎಂದಳು. "ಇಲ್ಲಿ ಜಾಗ ಸಾಲಲ್ಲ," ಎಂದ. ಮೇಜಿನ ಮೇಲೆ ಇನ್ನೂ ಒಂದು ಮೊಳ ಖಾಲಿ ಬಿದ್ದಿತ್ತು.

ಸಂಜೆ ಸೂಪರ್‌ವೈಸರ್ ಮನೆಗೆ ಬಂದು ಬೀಗ ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗೋಡೆಯಲ್ಲಿ ಟಕ್ ಟಕ್. ಒಂದು ಬಿಡುವು. ಟಕ್ ಟಕ್. ಇದು ಯಾವಾಗಲೂ ಹೀಗೇ: ಎರಡು ತಟ್ಟು, ಒಂದು ಬಿಡುವು, ಮತ್ತೆ ಎರಡು. ಆಮೇಲೆ ಮಗನ ದನಿ, ಮೊದಲು ಸಣ್ಣಗೆ, ಅಪ್ಪಾ ಸಾಕು, ಅಪ್ಪಾ ಸಾಕು ಅಂತೀನಿ. ಆಮೇಲೆ ದೊಡ್ಡದಾಗಿ. ಆಮೇಲೆ ದೊಪ್ಪನೆ ಒಂದು ಸದ್ದು, ಅದರ ಹಿಂದೆಯೇ ಮೌನ, ಮೌನದೊಳಗೆ ಒಬ್ಬ ಮುದುಕ ಉಸಿರು ಹಿಡಿದುಕೊಂಡಿದ್ದಾನೆಂದು ಈ ಕಡೆ ಕೂತವನಿಗೆ ತಿಳಿಯುವಂಥ ಮೌನ. ಇವತ್ತು ಅಷ್ಟರ ತನಕ ಕಾಯಬಾರದೆಂದು ಹೆಂಡತಿ ಸ್ವಿಚ್ ಹಾಕಿದಳು. ಹಾಡು ಶುರುವಾಯಿತು. ಆ ಪುಟ್ಟ ಡಬ್ಬಗಳಿಗೆ ಎಲ್ಲಿಂದ ಅಷ್ಟು ಎದೆ ಬಂತೋ, ಗೋಡೆಯೇ ಹಾಡಿದ ಹಾಗಿತ್ತು. ಅವನು ಅಂಗೈಯನ್ನು ಸುಣ್ಣದ ಮೇಲಿಟ್ಟರೆ ಒಳಗೆ ದಮ್ ದಮ್ ಎನ್ನುವುದು ಸಿಗುತ್ತಿತ್ತು. ಬೇರೇನೂ ಕೇಳಿಸಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಚೆನ್ನಾಗಿದೆ ಅಲ್ವಾ," ಎಂದಳು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಎದುರುಬದುರಾಗಿ ಕೂತು ಉಂಡರು. ಅವನು ಏನೋ ತಮಾಷೆ ಮಾಡಿದ, ಅವಳು ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕಳು. ಅಷ್ಟರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಬಿಡುವಿನಲ್ಲಿ ಅದು ಕೇಳಿಸಿತು. ಟಕ್ ಟಕ್, ಟಕ್ ಟಕ್, ಟಕ್ ಟಕ್. ಬಿಡುವಿಲ್ಲದೆ, ಚುರುಕಾಗಿ, ಮುಗಿದ ಹಾಡಿನ ತಾಳ ಹಿಡಿದು.

ಅವನ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರವೇ ನಿಂತಿತು. ಮರುತಟ್ಟು. ಇಷ್ಟು ತಿಂಗಳು ಆ ಮುದುಕ ಎರಡು ತಟ್ಟಿ ಕಾದದ್ದು ಇದಕ್ಕೆ. ಗೋಡೆಯ ಆಚೆ ತಾನು ಕಲಿಸಿದ ಹುಡುಗ ಇದ್ದಾನೆ ಎಂದು ಅವನಿಗೆ ಗೊತ್ತಿತ್ತೋ, ಅಥವಾ ಅವನ ಕೆಟ್ಟುಹೋದ ತಲೆಗೆ ಗೋಡೆಯೇ ಒಂದು ದೊಡ್ಡ ಪೀಸಾಗಿ ಕಂಡಿತ್ತೋ, ಎರಡು ತಟ್ಟಿ, ಆ ಕಡೆಯಿಂದ ಏನೂ ಬಾರದೆ, ಮತ್ತೆ ತಟ್ಟಿ, ಪೆಟ್ಟು ತಿಂದು, ಮರುದಿನ ಮತ್ತೆ ತಟ್ಟಿದ್ದ. ಈಗ ಉತ್ತರ ಬಂದಿತ್ತು, ಅದೂ ಎಂಥ ಉತ್ತರ, ಗೋಡೆ ನಡುಗುವಂಥದ್ದು, ನಿಲ್ಲದೇ ಇರುವಂಥದ್ದು. ಹೆಂಡತಿ ಅವನ ಮುಖ ನೋಡಿ, "ಯಾಕ್ರೀ?" ಎಂದಳು. ಅವಳಿಗೆ ಅರ್ಥವಾಗಿಲ್ಲ, ಅವಳಿಗೆ ಆ ಕೆಲಸ ಗೊತ್ತಿಲ್ಲ. ಹೇಳಬೇಕೆಂದು ಬಾಯಿ ತೆರೆದ. ಮುಂದಿನ ಹಾಡು ಶುರುವಾಗಿ, ಅದರ ಕೆಳಗೆಲ್ಲೋ ಮಗನ ದನಿ ಏರಿತು, ಅವಳು ತಟ್ಟನೆ ಕೈ ಚಾಚಿ ಸದ್ದು ಇನ್ನಷ್ಟು ಹೆಚ್ಚಿಸಿದಳು. ಅವನು ನೀರು ಕುಡಿದ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಹಾಡು ಹಾಕಿದರೆ ಮುದುಕ ತಟ್ಟುತ್ತಿದ್ದ, ಮುದುಕ ತಟ್ಟಿದರೆ ಮಗ ಕೂಗುತ್ತಿದ್ದ, ಮಗ ಕೂಗಿದರೆ ಇವರು ಜೋರು ಮಾಡುತ್ತಿದ್ದರು, ಜೋರು ಮಾಡಿದರೆ ಮುದುಕ ಇನ್ನೂ ಉಮೇದಿನಿಂದ ತಟ್ಟುತ್ತಿದ್ದ. ಸ್ಪೀಕರುಗಳನ್ನು ಒಂದು ಗೇಣು ಹಿಂದಕ್ಕೆಳೆದರೆ ಸಾಕು ಎಂದು ಅವನಿಗೆ ಗೊತ್ತಿತ್ತು. ಎಳೆದರೆ ಮುದುಕನಿಗೆ ಕೇಳಿಸುವುದು ನಿಲ್ಲುತ್ತದೆ. ಆದರೆ ಆಗ ಆ ಕಡೆಯದೆಲ್ಲ ತನಗೆ ಕೇಳಿಸಲು ಶುರುವಾಗುತ್ತದೆ. ಕೆಲಸದಲ್ಲಿ ನಿಂತಾಗ, ಸುತ್ತಿಗೆ ಎತ್ತಿದ ಕೈ ಗಾಳಿಯಲ್ಲೇ ಉಳಿದುಬಿಡುತ್ತಿತ್ತು. ಒಂದು ಪೀಸು ದಪ್ ಎಂದರೂ, ಇದು ಪೀಸಿನ ಸದ್ದೋ ಗೋಡೆಯ ಸದ್ದೋ ಎಂದು ಅನುಮಾನ. ಸಾಲಿನ ಎದುರಿಗಿದ್ದವನು, "ಏನಣ್ಣ, ನಿದ್ದೆ ಮಾಡ್ತಿದೀಯಾ? ತಿರುಗಿ ತಟ್ಟು ಮಾರಾಯ," ಎಂದು ಕೂಗುತ್ತಿದ್ದ.

ಒಂದು ದಿನ ಸೂಪರ್‌ವೈಸರ್ ಸಾಲಿನ ಮಧ್ಯೆ ನಡೆದು ಬಂದು ಅವನ ಪಕ್ಕದಲ್ಲಿ ನಿಂತ. ಭಟ್ಟಿಯ ಬಿಸಿಗೆ ಬೆಂದ ಮುಖ, ಕಣ್ಣಿನ ಕೆಳಗೆ ಚೀಲ. ಇವನು ಪಕ್ಕಕ್ಕಿಟ್ಟಿದ್ದ ಬೇಸಿನ್ನನ್ನು ತನ್ನ ಬೆರಳಿನಿಂದ ತಟ್ಟಿದ. ಅದು ದಪ್ ಎಂದಿತು. ಇಬ್ಬರಿಗೂ ಕೇಳಿಸಿತು. ಸಾಲಿನ ಆಚೆಯವನಿಗೂ ಕೇಳಿಸಿರಬೇಕು, ಅವನು ಮುಂದಿನ ಪೀಸಿಗೆ ಸರಿದ.

"ಇದಕ್ಕೇನಾಗಿದೆ?" ಎಂದ ಸೂಪರ್‌ವೈಸರ್.

"ಏನಿಲ್ಲ ಸರ್."

"ಮತ್ತೆ ಯಾಕೆ ಇಲ್ಲಿಟ್ಟಿದೀರಿ? ಹಾಕಿ ಆ ಕಡೆಗೆ." ಹೊರಡುವವನು ನಿಂತ. "ಮನೇಲಿ ಹೊಸ ಮ್ಯೂಸಿಕ್ ಸಿಸ್ಟಮ್ ಬಂದಿದೆಯಂತೆ?"

ಅವನು ಸುತ್ತಿಗೆಯನ್ನು ಕೆಳಗಿಟ್ಟ. "ಚಿಕ್ಕದು ಸರ್. ಸದ್ದು ಜಾಸ್ತಿ ಆಗ್ತಿದ್ರೆ ಹೇಳಿ ಸರ್, ಕಡಿಮೆ ಮಾಡ್ತೀವಿ."

"ಅಯ್ಯೋ, ಬೇಡಪ್ಪ. ಜೋರಾಗೇ ಹಾಕಿ. ಸಂಜೆ ಹೊತ್ತು ಮನೆ ತುಂಬಿದ ಹಾಗಿರುತ್ತೆ." ಸೂಪರ್‌ವೈಸರ್ ತನ್ನ ಅಂಗೈಗಳನ್ನು ನೋಡಿಕೊಂಡ. "ನಮ್ಮಪ್ಪನ್ನ ನೀವು ಬಲ್ಲಿರಲ್ಲ. ಸ್ನಾನ ಮಾಡಿಸ್ತೀನಿ, ಉಣ್ಣಿಸ್ತೀನಿ, ಉಗುರು ಕತ್ತರಿಸ್ತೀನಿ, ನಾನೊಬ್ಬನೇ. ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ ಟಕ್ ಟಕ್. ಇಲ್ಲಿ ಇದೇ ಸದ್ದು, ಮನೆಗೆ ಹೋದ್ರೂ ಇದೇ ಸದ್ದು. ಮನುಷ್ಯನಿಗೆ ಹುಚ್ಚು ಹಿಡಿಯಲ್ವಾ?"

"ಹಿಡಿಯುತ್ತೆ ಸರ್."

"ನೀವಾದ್ರೆ ಅರ್ಥ ಮಾಡ್ಕೋತೀರಿ," ಎಂದು ಅವನ ಭುಜ ಹಿಸುಕಿದ. "ಆ ಮನೆ ನಿಮಗೇ ಬರಲಿ ಅಂತ ನಾನು ಸುಮ್ನೆ ಹೇಳಿದ್ನಾ? ಪಕ್ಕದಲ್ಲಿ ಒಳ್ಳೆಯವರಿರಬೇಕು. ಇನ್ನೊಂದೆರಡು ದಿನ, ಅಪ್ಪನ್ನ ಸರಿ ಮಾಡ್ತೀನಿ. ಒಂದು ಉಪಾಯ ಸಿಕ್ಕಿದೆ."

ಭುಜದ ಮೇಲೆ ಆ ಕೈಯ ಬಿಸಿ ಇನ್ನೂ ಇದ್ದಾಗಲೇ ಅವನು ಆ ಬೇಸಿನ್ನನ್ನು ಎತ್ತಿ ಪಾಸಾದವುಗಳ ಜೊತೆ ಇಟ್ಟ. ಎಲ್ಲೋ ಒಂದು ಬಚ್ಚಲಲ್ಲಿ ಒಂದು ಬೆಳಿಗ್ಗೆ ಬಿಸಿನೀರು ಬಿದ್ದಾಗ ಅದು ಎರಡಾಗುತ್ತದೆ, ಯಾರದೋ ಪಾದದ ಮೇಲೆ. ಆ ಪಾದವನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದ; ಬಂದದ್ದು ದೊಡ್ಡಯ್ಯನ ಪಾದ, ಒಡೆದ ಹಿಮ್ಮಡಿ, ಕೆಲಸಕ್ಕೆ ಕೂರುವಾಗ ಚಪ್ಪಲಿ ಬಿಟ್ಟು ಒಂದರ ಮೇಲೊಂದು ಇಟ್ಟುಕೊಳ್ಳುತ್ತಿದ್ದ ಪಾದಗಳು. ಉಪಾಯ ಅಂದರೆ ಏನು ಎಂದು ಕೇಳಬಹುದಿತ್ತು. ಕೇಳುವುದೇನು ಬಂತು, ಭುಜ ಹಿಂದಕ್ಕೆ ಸೆಳೆದುಕೊಳ್ಳುವುದಕ್ಕೂ ಆಗಿರಲಿಲ್ಲ.

ಆ ಸಂಜೆ ಹಾಡಿನ ಕೆಳಗೆ ಟಕ್ ಟಕ್ ಇರಲಿಲ್ಲ. ಮರುದಿನವೂ ಇರಲಿಲ್ಲ. ಗೋಡೆಯಿಂದ ಬರುತ್ತಿದ್ದದ್ದು ಬೇರೆ ಸದ್ದು, ಮೆತ್ತಗಿನದು, ಬಟ್ಟೆ ಸುತ್ತಿದ ಸುತ್ತಿಗೆಯಂಥದ್ದು, ದಪ್ ದಪ್. ಹಾಡು ನಡೆಯುತ್ತಿದ್ದರೆ ಹಾಡಿನಲ್ಲೇ ಕರಗಿಹೋಗುವಂಥದ್ದು. ಮಗ ಕೂಗುವುದೂ ನಿಂತಿತು. ಸ್ಪೀಕರುಗಳು ಕೊನೆಗೂ ಕೆಲಸ ಮಾಡಿದವು ಎಂದುಕೊಂಡ ಅವನು. ಕೆಲವು ದಿನ ಕಳೆದ ಮೇಲೆ ಅದು ಮತ್ತೆ ಬದಲಾಯಿತು. ಈಗ ಎರಡೆರಡಲ್ಲ, ಒಂದೊಂದೇ. ನಿಧಾನ. ಬಟ್ಟೆಯ ಮೆತ್ತಗೆ ಇಲ್ಲ, ಬೆರಳಿನ ಚುರುಕೂ ಇಲ್ಲ. ಭಾರವಾದದ್ದು, ದುಂಡಗಿನದು, ಒಳಗೆ ಏನೋ ತುಂಬಿರುವಂಥದ್ದು. ಎಲ್ಲ ಸದ್ದುಗಳನ್ನೂ ಹೆಸರಿಟ್ಟು ಕರೆಯಬಲ್ಲ ಅವನ ಕಿವಿಗೆ ಇದರ ಹೆಸರು ಹೊಳೆಯಲಿಲ್ಲ. ಅಥವಾ ಹೊಳೆಯಿತು, ಅವನು ಬಿಡಲಿಲ್ಲ.

ರಜೆಯ ದಿನ ಮಧ್ಯಾಹ್ನ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, ಸೂಜಿಯಲ್ಲಿ ಸಿಕ್ಕ ಬಟ್ಟೆಯನ್ನು ಹಾಗೇ ಬಿಟ್ಟು, "ನನಗೆ ಆಗಲ್ಲ," ಎಂದಳು.

"ಏನಾಗಲ್ಲ?"

"ನಾಟಕ ಆಡಬೇಡಿ. ನೀವು ಹನ್ನೆರಡು ಅಡಿ ಆಚೆ ಇರೋ ಕಮೋಡಿನ ಬಿರುಕು ಕೇಳಿಸ್ಕೊಳ್ಳೋರು." ಅವಳು ಗೋಡೆ ತೋರಿಸಿದಳು. "ಅದು ತಲೆ ಕಣ್ರೀ. ಆ ಅಜ್ಜ ಗೋಡೆಗೆ ತಲೆ ಬಡ್ಕೋತಿದಾರೆ."

ಅವನು ಅರ್ಧ ಎದ್ದು ಮತ್ತೆ ಕೂತ. "ಸಾಹೇಬ್ರು ಬಂದ ಮೇಲೆ ಮಾತಾಡೋಣ."

"ಅವರ ಹತ್ರ ನೀವು ಮಾತಾಡಲ್ಲ. ನನಗೆ ಗೊತ್ತು, ನಿಮಗೂ ಗೊತ್ತು. ಭಟ್ಟಿಗೆ ರಜೆ ಇಲ್ಲ, ಅವರೀಗ ಅಲ್ಲಿದಾರೆ, ಸಂಜೆ ತನಕ ಬರಲ್ಲ. ಹೋಗಿ ಕರ್ಕೊಂಡು ಬನ್ನಿ. ನಮ್ಮನೇಲೇ ಇಟ್ಕೊಳ್ಳೋಣ. ಆಮೇಲೆ ಏನು ಬೇಕಾದ್ರೂ ಆಗಲಿ."

"ಮನೆ ಬಿಡಿಸ್ತಾರೆ."

"ಬಿಡಿಸಲಿ."

"ಬೀಗ ಹಾಕಿದೆಯಲ್ಲ ಮಾರಾಯ್ತಿ."

ಅವಳು ಅವನನ್ನು ನೋಡಿದ ರೀತಿಗೆ ಅವನು ಕಣ್ಣು ತಗ್ಗಿಸಿದ. ಫ್ಯಾಕ್ಟರಿಯವರು ಎಲ್ಲ ಮನೆಗಳಿಗೂ ಒಟ್ಟಿಗೆ, ಒಂದೇ ಅಗ್ಗದ ಅಂಗಡಿಯಿಂದ ಬೀಗ ಕೊಂಡಿದ್ದರು. ಯಾರ ಕೀಲಿ ಯಾರ ಬೀಗಕ್ಕೆ ಹಾಕಿದರೂ ತಿರುಗುತ್ತದೆ ಎಂಬುದು ಇಡೀ ಸಾಲಿಗೆ ಗೊತ್ತಿದ್ದ ವಿಷಯ. ಕೀಲಿ ಕಳೆದುಕೊಂಡವರು ಪಕ್ಕದವರದನ್ನು ಕೇಳಿ ಪಡೆಯುತ್ತಿದ್ದರು, ನಿಮ್ಮ ಮನೆ ನಮ್ಮ ಮನೆ ಎಂದು ನಗುತ್ತಿದ್ದರು. ಇಷ್ಟು ದಿನ ಅವನ ಜೇಬಿನಲ್ಲಿ ಆ ಬಾಗಿಲೂ ಇತ್ತು. ಅವಳು ಗೂಟದಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದಳು. ಆಮೇಲೆ, ಬೀಗ ತೆಗೆಯುವುದು ಅಕ್ಕಪಕ್ಕದವರಿಗೆ ಕೇಳಿಸಬಾರದೆಂದು, ಹೋಗಿ ಹಾಡು ಹಾಕಿದಳು.

ಕೀಲಿ ಸಲೀಸಾಗಿ ತಿರುಗಿತು. ಒಳಗೆ ಫಿನಾಯಿಲಿನ ವಾಸನೆ, ಒರೆಸಿದ ನೆಲ. ತನ್ನ ಮನೆಯೇ, ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲಾಗಿ. ಅಡುಗೆಮನೆ ಇರಬೇಕಾದ ಕಡೆ ತಿರುಗಿ ಬಚ್ಚಲ ಬಾಗಿಲಿಗೆ ಮುಖ ತಾಗಿಸಿಕೊಂಡ. ಹಗ್ಗದ ಮೇಲೆ ಮುದುಕನ ಬನಿಯನ್ನುಗಳು ಒಣಗಿದ್ದವು, ಒಂದೊಂದನ್ನೂ ಒಳಮೈ ಹೊರಗಾಗಿ ತಿರುಗಿಸಿ, ಕ್ಲಿಪ್ಪು ಹಾಕಿ. ಆ ಬಡಿಯುವ ಕೈಯೇ ಈ ಕ್ಲಿಪ್ಪುಗಳನ್ನೂ ಹಾಕಿರಬೇಕು. ಕೊನೆಯ ಕೋಣೆಯಲ್ಲಿ ಚಾಪೆಯ ಮೇಲೆ, ಗೋಡೆಗೆ ಎದುರಾಗಿ, ದೊಡ್ಡಯ್ಯ ಕೂತಿದ್ದ. ನೀಟಾಗಿ ತಲೆ ಬಾಚಿತ್ತು. ಎರಡೂ ಕೈಗಳಿಗೆ ಮೊಣಕೈ ತನಕ ದಪ್ಪ ಟವೆಲ್ ಸುತ್ತಿ ಲಾಡಿಯಿಂದ ಬಿಗಿದಿತ್ತು. ಮಡಿಲಲ್ಲಿ ಇಟ್ಟುಕೊಂಡ ಆ ಎರಡು ಮೂಟೆಗಳು ಯಾರೋ ನೋಡಿಕೊಳ್ಳಿ ಎಂದು ಕೊಟ್ಟು ಹೋದ ಕೂಸುಗಳಂತಿದ್ದವು. ಗೋಡೆಯ ಮೇಲೆ, ಕೂತವನ ಹಣೆಯ ಎತ್ತರಕ್ಕೆ, ಎಣ್ಣೆಯ ದುಂಡು ಕಲೆ. ಅದರ ನಡುವೆ ಕಂದು ಬಣ್ಣ. ಆ ಕಲೆಯ ಆಚೆಯಿಂದ ಅವನ ಮನೆಯ ಹಾಡು ಬರುತ್ತಿತ್ತು. ಈ ಕಡೆಗೆ ಹಾಡು ಎಂಬುದೇ ಇರಲಿಲ್ಲ. ಮಾತಿಲ್ಲ, ಹಾಡುವವಳಿಲ್ಲ, ರಾಗವಿಲ್ಲ. ಬರೀ ದಮ್, ದಮ್, ದಮ್, ದಮ್. ಆಚೆ ಕೋಣೆಯಲ್ಲಿ ಯಾರೋ ನಿಂತುಕೊಂಡು, ಒಂದು ಗಳಿಗೆಯೂ ದಣಿಯದೆ, ಗೋಡೆ ಗುದ್ದುತ್ತಿರುವ ಹಾಗೆ.

"ದೊಡ್ಡಯ್ಯ," ಎಂದ ಅವನು.

ಮುದುಕ ತಿರುಗಿದ. ಹಣೆ ಊದಿ ಒಂದು ಕಣ್ಣನ್ನು ಅರ್ಧ ಮುಚ್ಚಿತ್ತು. ಇನ್ನೊಂದು ಕಣ್ಣು ಅವನ ಮುಖದ ಮೇಲೆ ಓಡಾಡಿ, ಏನೂ ಸಿಗದೆ, ಅವನ ಕೈಗಳ ಮೇಲೆ ನಿಂತಿತು. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಸುತ್ತಿಗೆಯ ಹಿಡಿಯಿಂದ ಜಡ್ಡುಗಟ್ಟಿದ ಚರ್ಮ. "ತಟ್ಟೋನಾ?" ಎಂದ.

"ಹೌದು ದೊಡ್ಡಯ್ಯ. ನಾನೇ. ಆ ಕಡೆ ನಿಲ್ತಿದ್ನಲ್ಲ."

"ಎಲ್ಲಿರ್ತೀಯ ಈಗ?"

ಅವನು ಗೋಡೆ ತೋರಿಸಿದ. "ಇಲ್ಲೇ. ಪಕ್ಕದಲ್ಲಿ."

ಮುದುಕ ಗೋಡೆ ನೋಡಿದ, ಅವನನ್ನು ನೋಡಿದ. ದಮ್, ದಮ್. ಅವನ ತಲೆ ತನಗೇ ತಿಳಿಯದೆ ಆ ತಾಳಕ್ಕೆ ಮುಂದೆ ಸಣ್ಣಗೆ ತೂಗಿ, ನಿಂತಿತು. "ಇದು ನೀನಾ?"

"ಅದು... ಹಾಡು ದೊಡ್ಡಯ್ಯ. ಮನೇಲಿ ಹಾಡು ಹಾಕಿದೀವಿ. ಸ್ಪೀಕರು." ಅಂಗೈಗಳಿಂದ ಅವುಗಳ ಅಳತೆ ತೋರಿಸಿದ, ಇಷ್ಟು ಚಿಕ್ಕವು ಎಂಬಂತೆ.

"ನೀನು ತಟ್ಟಿದ್ದಲ್ಲ?"

"ಅಲ್ಲ."

"ನಾನು ತಟ್ಟಿದ್ದು ಕೇಳ್ತಿತ್ತಾ ನಿನಗೆ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಮುದುಕ ನಂಬುತ್ತಿದ್ದ, ಬೆಳಿಗ್ಗೆಯ ಹೊತ್ತಿಗೆ ಮರೆಯುತ್ತಿದ್ದ. ಆದರೆ ಎದುರಿಗಿದ್ದ ಕಣ್ಣು ಮುಚ್ಚಿಕೊಂಡಿತ್ತು. ಕಿವಿ ಮಾತ್ರ ಅವನ ಕಡೆಗೆ ಸ್ವಲ್ಪ ವಾಲಿತ್ತು. "ಕೇಳ್ತಿತ್ತು," ಎಂದ.

"ಮೊದಲಿಂದಾನೂ?"

"ಮೊದಲಿಂದಾನೂ."

ಗೋಡೆಯ ಆಚೆ ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವನು ಚಾಪೆಯ ಅಂಚಿನಲ್ಲಿ ಮಂಡಿಯೂರಿ ಟವೆಲಿನ ಗಂಟಿಗೆ ಕೈ ಹಾಕಿದ. ಗಂಟು ಒದ್ದೆಯಾಗಿ ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಲು ನೋಡಿದ ಗುರುತಿತ್ತು. ಉಗುರು ಸಿಗಿಸಿ ಎಳೆಯುತ್ತ, ಒಂದರ ಮೇಲೊಂದು ಹೇಳಿದ: "ಬನ್ನಿ ದೊಡ್ಡಯ್ಯ, ನಮ್ಮನೆಗೆ ಹೋಗೋಣ. ಈಗಲೇ. ಇವಳು ಬಾಗಿಲಲ್ಲೇ ನಿಂತಿದಾಳೆ. ಹಾಸಿಗೆ ಹಾಸಿಟ್ಟಿದೀವಿ. ಇನ್ಮೇಲೆ ನಾವೇ ನೋಡ್ಕೋತೀವಿ, ಯಾರೂ ಕೈ ಮಾಡಲ್ಲ. ಎಷ್ಟು ಬೇಕಾದ್ರೂ ತಟ್ಟಿ. ನಾನು ತಿರುಗಿ ತಟ್ತೀನಿ. ಆ ಸ್ಪೀಕರು ತೆಗೆದುಬಿಡ್ತೀನಿ, ಇವತ್ತೇ ತೆಗೀತೀನಿ. ಏಳಿ."

ಮುದುಕ ಸುತ್ತಿದ ಕೈಗಳನ್ನು ಅವನ ಬೆರಳುಗಳಿಂದ ಬಿಡಿಸಿ ಎದೆಗೆ ಒತ್ತಿಕೊಂಡ.

"ಅವನಿಗೆ ಕೇಳಿದ್ರೆ ಹೊಡೀತಾನೆ," ಎಂದ. "ನಿನಗೆ ಕೇಳಿದ್ರೆ ಹಾಡು ಹಾಕ್ತೀಯ."

"ದೊಡ್ಡಯ್ಯ, ಅವರು ಬಂದುಬಿಡ್ತಾರೆ. ನಿಮ್ಮ ದಮ್ಮಯ್ಯ. ಏಳಿ, ಬನ್ನಿ."

"ಬರಲ್ಲ," ಎಂದ ಮುದುಕ.